ಭುಜಂಗರಾಯರ ಕಾಳೆಗ

ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದು ಅದರಲ್ಲೇ. ಬೆಂಗಳೂರ ಕಾಳೆಗದಲ್ಲಿ ಮಡಿದವನೊಬ್ಬನ ಮಾತು ಅದರಲ್ಲಿದೆ. ಅದೇ ಊರಿನಲ್ಲಿ ಈಗ ಇನ್ನೊಂದು ಕಾಳೆಗ ನಡೆಯುತ್ತಿದೆ. ವೀರರು ನಮ್ಮ ಭುಜಂಗರಾಯರು, ಶತ್ರು ಅವರದೇ ಬಲಭುಜ.

ಅಸಲಿ ಹೆಸರು ಬೇರೆ. ಬಲಗೈ ಮೇಲೇಳದೆ ಮುಷ್ಕರ ಹೂಡಿದ ಮೇಲೆ ಬಡಾವಣೆಯವರು ಕೊಟ್ಟ ಬಿರುದು ಇದು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಬಹುಕಾಲ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಈಗ ಬೆಳಿಗ್ಗೆ ಬೇಗೂರು ಕೆರೆಯ ದಂಡೆ, ಸಂಜೆ ಫಿಜಿಯೋಥೆರಪಿ ಕ್ಲಿನಿಕ್. ನಡುವೆ ಸಿಕ್ಕವರಿಗೆಲ್ಲ ಭುಜದ ಪಾಠ.

"ಇದು ಫ್ರೋಜನ್ ಶೋಲ್ಡರ್ ಕಣ್ರೀ, ಬರೀ ಉಳುಕಲ್ಲ. ಕೀಲಿನ ಸುತ್ತ ಒಂದು ಚೀಲ ಇರುತ್ತೆ. ಅದು ಊದಿಕೊಂಡು, ದಪ್ಪ ಆಗಿ, ಬಿಗಿಯುತ್ತೆ. ಮೊದಲು ನೋವಿನ ಹಂತ, ಆಮೇಲೆ ಬಿಗಿತದ ಹಂತ, ಕೊನೆಗೆ ಸಡಿಲ ಆಗೋ ಹಂತ. ಒಂದರಿಂದ ಮೂರು ವರ್ಷ ಹಿಡಿಯುತ್ತೆ." 40ರಿಂದ 60ರ ವಯಸ್ಸಿನವರಿಗೆ ಹೆಚ್ಚು, ಹೆಂಗಸರಿಗೆ ಇನ್ನಷ್ಟು, ಸಕ್ಕರೆ ಕಾಯಿಲೆಯವರಿಗಂತೂ ಬಹಳ ಎನ್ನುವುದನ್ನು ಅವರು ಮೈಸೂರು ಪಾಕ್ ಮೆಲ್ಲುತ್ತಲೇ ವಿವರಿಸಬಲ್ಲರು. ನಿಮ್ಮ ಶುಗರ್ ಎಷ್ಟಿದೆ ರಾಯರೇ ಎಂದರೆ, "ಅದು ಬೇರೆ ಡಿಪಾರ್ಟ್‌ಮೆಂಟು."

ಅವರ ಮಾತಿನಲ್ಲಿ ತಪ್ಪು ಹುಡುಕಲಾಗದು. ಪುತ್ತೂರು ಕಟ್ಟು ಹಾಕಿಸಿ ಎಂದ ಭಾವಮೈದುನನಿಗೆ, "ಮುರಿದಿದ್ರೆ ತಾನೇ ಕಟ್ಟೋದು? ಹಿಡ್ಕೊಂಡಿರೋದನ್ನ ಕಟ್ಟಿ ಕೂರಿಸಿದ್ರೆ ಇನ್ನೂ ಹಿಡ್ಕೊಳ್ಳುತ್ತೆ" ಎಂದು ಬುದ್ಧಿ ಹೇಳಿ ಕಳಿಸಿದರು. ಸರಿಯಾದ ಮಾತೇ.

ಕ್ಲಿನಿಕ್ಕಿನಲ್ಲಿ ಅವರಷ್ಟು ಶಿಸ್ತಿನ ರೋಗಿ ಮತ್ತೊಬ್ಬರಿಲ್ಲ, ಮಲಗಿರುವಷ್ಟು ಹೊತ್ತು. ಹಾಟ್ ಪ್ಯಾಕ್ ಇಟ್ಟರೆ ಕಣ್ಣು ಮುಚ್ಚುತ್ತಾರೆ; ಐಎಫ್‌ಟಿ ಪ್ಯಾಡ್ ಅಂಟಿಸಿ ಕರೆಂಟು ಜುಮುಜುಮು ಹರಿಸಿದರೆ ಗೊರಕೆ. ಮೆಷಿನ್ನು ಕೀ ಎಂದು ನಿಂತು, "ಅಂಕಲ್, ಈಗ ಪುಲ್ಲಿ ಎಳೀರಿ" ಎನ್ನುವಷ್ಟರಲ್ಲಿ ಅವರಿಗೆ ಫೋನ್ ಬಂದಿರುತ್ತದೆ. ಶಾಖ, ಕರೆಂಟು ಎಲ್ಲ ನೋವು ತಗ್ಗಿಸಿ ಕೈಯನ್ನು ವ್ಯಾಯಾಮಕ್ಕೆ ಅಣಿ ಮಾಡಲು ಮಾತ್ರ ಎಂದು ಫಿಜಿಯೋ ಮೇಡಂ ಹೇಳಿ ಸೋತಿದ್ದಾರೆ.

"ಮನೇಲಿ ಮಾಡ್ತಾ ಇದೀರಾ ಅಂಕಲ್?"

"ಮಾಡಿಸ್ತಾ ಇದೀನಿ ಮೇಡಂ."

ಸೂಪರ್‌ವೈಸರ್ ಸುಳ್ಳು ಹೇಳಿಲ್ಲ. ಕೆರೆ ದಂಡೆಗೆ ಬಂದರೆ ಗೊತ್ತಾಗುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಕಲ್ಲುಬೆಂಚಿನ ಮುಂದೆ ಬಗ್ಗಿದ್ದಾಳೆ. "ಒಳ್ಳೆ ಕೈ ಬೆಂಚಿನ ಮೇಲೆ ಊರಮ್ಮಾ. ನೋವಿರೋ ಕೈ ಸುಮ್ನೆ ಇಳಿಬಿಡು. ಕೈ ಆಡಿಸ್ಬೇಡ, ಮೈ ಆಡಿಸು. ಕೈ ತಾನಾಗೇ ತೂಗುತ್ತೆ." ಪಕ್ಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಹುಡುಗ ಕಾಂಪೌಂಡ್ ಗೋಡೆಯ ಮೇಲೆ ಬೆರಳು ನಡೆಸುತ್ತಿದ್ದಾನೆ. "ನಿನ್ನೆ ಮುಟ್ಟಿದ ಕಡೆ ಗುರುತು ಹಾಕಿದ್ಯಾ? ಚೂರು ಎಳೆತ ಬರ್ಲಿ, ಕಣ್ಣಲ್ಲಿ ನೀರು ಬರೋದು ಬೇಡ." ಬಿದ್ದು ಪೆಟ್ಟಾದವರನ್ನೂ, ಎಡಭುಜದ ನೋವಿನ ಜೊತೆ ಎದೆ ಹಿಂಡಿ ಬೆವರಿದವರನ್ನೂ ಮಾತ್ರ ಅವರು ಮುಟ್ಟುವುದಿಲ್ಲ: "ನನ್ನ ಹತ್ರ ಯಾಕ್ ಬಂದ್ರಿ? ಸೀದಾ ಆಸ್ಪತ್ರೆಗೆ ಹೋಗಿ!" ಆ ಹೆಣ್ಣುಮಗಳು ಈಗ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಾಳೆ. ಹುಡುಗ ಮತ್ತೆ ಶಟಲ್ ಆಡುತ್ತಿದ್ದಾನೆ. ಗುರುಗಳ ಕೈ ಮಾತ್ರ ಇದ್ದಲ್ಲೇ ಇದೆ.

ಸಲಕರಣೆಗೇನೂ ಕೊರತೆಯಿಲ್ಲ. ಬಾಗಿಲಿಗೆ ತೂಗುಹಾಕಿದ ಪುಲ್ಲಿಯ ಮೇಲೆ ಟವೆಲ್ ಒಣಗುತ್ತದೆ. ಎಳೆದು ಮಾಡುವ ರಬ್ಬರ್ ಪಟ್ಟಿಗಳಲ್ಲಿ ಹಗುರವಾದ ಹಳದಿಯದನ್ನು ಮನೆಯವರು ಹಳೇ ಪೇಪರ್ ಕಟ್ಟಲು ತೆಗೆದುಕೊಂಡರು, ಕೆಂಪಿನದು ತೊಂಡೆಬಳ್ಳಿಗೆ ಹೋಯಿತು. ಹಸಿರಿನದು ಬಹಳ ಬಿಗಿ ಎಂದು ಇನ್ನೂ ಪ್ಯಾಕೆಟ್ ಒಡೆದಿಲ್ಲ.

ಮಾಡದಿರಲು ಅವರಿಗೆ ಶಾಸ್ತ್ರಾಧಾರವೂ ಉಂಟು. ಈ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಎಂದು 1934ರಲ್ಲಿ ಹೆಸರಿಟ್ಟವರು ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್. ಇದನ್ನು ವಾಸಿ ಮಾಡುವುದು ಕಷ್ಟವೆಂದು ಅವರೇ ಬರೆದಿದ್ದಾರೆ. ರಾಯರು ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಗುಣವಾಗುವುದು ಖಂಡಿತ ಎಂದೂ ಅದೇ ಕಾಡ್‌ಮನ್ ಬರೆದಿದ್ದು, ರಾಯರು ದಂಡೆಯ ಮೇಲೆ ಮಾಡಿಸುವ ಆ ತೂಗುವ ವ್ಯಾಯಾಮ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿರುವುದು ಮುಂದಿನ ಮಾತು.

ನಿಜವಾದ ಕಾರಣ ದರ್ಶಿನಿಯಲ್ಲಿ ತಿಳಿಯುತ್ತದೆ. ಈ ಕಾಯಿಲೆಯಲ್ಲಿ ಕೈ ಮೇಲೇಳದಿರುವುದಷ್ಟೇ ಅಲ್ಲ, ಬೆನ್ನ ಹಿಂದಕ್ಕೂ ಹೋಗುವುದಿಲ್ಲ. ರಾಯರ ಪರ್ಸ್ ಇರುವುದು ಹಿಂದಿನ ಜೇಬಿನಲ್ಲಿ. ಬಿಲ್ ಬಂದೊಡನೆ ಅವರು ನಿಜವಾಗಿಯೂ ಪ್ರಯತ್ನ ಮಾಡುತ್ತಾರೆ. ಮುಖ ಹಿಂಡಿ, "ಅಮ್ಮಾ" ಎನ್ನುತ್ತಾರೆ. ಎದುರಿಗಿದ್ದವರು ಗಾಬರಿಯಿಂದ "ಇರ್ಲಿ ಬಿಡಿ ಸಾರ್" ಎಂದು ಕೊಟ್ಟುಬಿಡುತ್ತಾರೆ. ಎಡಗೈ ಚೆನ್ನಾಗಿದೆಯಲ್ಲ ಎಂದು ಕೇಳುವ ಕಟುಕರು ಬೇಗೂರಿನಲ್ಲಿ ಇನ್ನೂ ಹುಟ್ಟಿಲ್ಲ. ಫೋನ್‌ಪೇ ಮಾಡಿ ಅಂಕಲ್ ಎಂದ ಒಬ್ಬನಿಗೆ, "ಇಲ್ಲಿ ನೆಟ್‌ವರ್ಕ್ ಸಿಗಲ್ಲಪ್ಪ" ಎಂದಿದ್ದರು.

ಇಂಥ ಭುಜಂಗರಾಯರು ಎಲ್ಲ ಬಡಾವಣೆಗಳಲ್ಲೂ ಒಬ್ಬೊಬ್ಬರಿರುತ್ತಾರೆ. ಎಲ್ಲವನ್ನೂ ಬಲ್ಲವರು, ಎಲ್ಲರಿಂದ ಮಾಡಿಸುವವರು. ನಿಮಗೂ ಭುಜ ಹಿಡಿದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅವರು ವ್ಯಾಯಾಮ ಬರೆದುಕೊಟ್ಟ ಮೇಲೆ ರಾಯರ ಪಾಠವನ್ನೂ ಕೇಳಿ. ಉಚಿತ, ಹೇಳುವುದೆಲ್ಲ ಸರಿ. ಮನೆಗೆ ಬಂದು ದಿನಾ ಮಾಡುವುದು ನಿಮ್ಮ ಪಾಲು, ಕಾಫಿಯ ದುಡ್ಡೂ ನಿಮ್ಮದೇ. ನೋವು ಹೋದ ಮೇಲೆ ಗುರುಗಳೆಂದು ಕಾಲಿಗೆ ಬಿದ್ದರೂ ಬೇಡವೆನ್ನುವುದಿಲ್ಲ. ಎರಡೂ ಕೈ ಎತ್ತಿ ಹರಸಿ ಎಂದು ಮಾತ್ರ ಕೇಳಬೇಡಿ.