ಕಾಂಪೌಂಡ್ ಬಿಲ್ಲಿನ ವಾರಂಟಿ ಮೀಮಾಂಸೆ

1. ಅನುಬಂಧ ಮತ್ತು ಅಧಿಕಾರಿ

ಕಾಂಪೌಂಡ್ ಬಿಲ್ಲಿನ ವಾರಂಟಿ ಎಂಬುದು, ಬಿಲ್ಲು ಮುರಿದರೆ ತಯಾರಕರೇ ಸರಿಪಡಿಸಿ ಕೊಡುವರೆಂಬ ಲಿಖಿತ ಭರವಸೆ. ಜೊತೆಗೆ, ಈಗ ಮುರಿದಿರುವುದು ಆ ಭರವಸೆಯೊಳಗೆ ಏಕೆ ಬರುವುದಿಲ್ಲ ಎಂಬುದರ ಲಿಖಿತ ವಿವರಣೆ. ಎರಡೂ ಒಂದೇ ಹಾಳೆಯಲ್ಲಿರುತ್ತವೆ. ಮೊದಲನೆಯದು ದಪ್ಪಕ್ಷರದ ಒಂದು ಸಾಲು. ಎರಡನೆಯದು ಇರುವೆಯಂಥ ಅಕ್ಷರದಲ್ಲಿ ಉಳಿದಷ್ಟೂ ಜಾಗ. ಈ ಶಾಸ್ತ್ರದ ವಿದ್ಯಾರ್ಥಿಯು ಎರಡನೆಯದನ್ನು ಮೂಲಗ್ರಂಥವೆಂದೂ ಮೊದಲನೆಯದನ್ನು ಅದರ ಮಂಗಳಶ್ಲೋಕವೆಂದೂ ತಿಳಿಯತಕ್ಕದ್ದು.

ಶಾಸ್ತ್ರಗ್ರಂಥದ ಪದ್ಧತಿಯಂತೆ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕು. ವಿಷಯ: ಮುರಿದ ಬಿಲ್ಲು. ಪ್ರಯೋಜನ: ಮುರಿಯದ ಬಿಲ್ಲು. ಸಂಬಂಧ: ಇವೆರಡರ ನಡುವಿನ ಪತ್ರವ್ಯವಹಾರ. ನಾಲ್ಕನೆಯದಾದ ಅಧಿಕಾರಿಯ ವಿಚಾರ ಮಾತ್ರ ತುಸು ತೊಡಕಿನದು. ವೇದಾಂತದ ಅಧಿಕಾರಿಗೆ ಸಾಧನಚತುಷ್ಟಯ ಹೇಳಿರುವಂತೆ ವಾರಂಟಿಯ ಅಧಿಕಾರಿಗೂ ನಾಲ್ಕು ಅರ್ಹತೆಗಳನ್ನು ವಿಧಿಸುವುದು ರೂಢಿ: ಆತ ಬಿಲ್ಲಿನ ಮೊದಲ ಮಾಲೀಕನಾಗಿರಬೇಕು, ಅಧಿಕೃತ ಡೀಲರನಿಂದಲೇ ಕೊಂಡಿರಬೇಕು, ಗೊತ್ತುಪಡಿಸಿದ ದಿನಗಳೊಳಗೆ ನೋಂದಾಯಿಸಿರಬೇಕು, ಇಷ್ಟೂ ನಡೆದದ್ದಕ್ಕೆ ರಸೀದಿ ಇಟ್ಟುಕೊಂಡಿರಬೇಕು. ವೈರಾಗ್ಯವನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ಪ್ರಕ್ರಿಯೆ ಮುಂದುವರಿದಂತೆ ತಾನಾಗಿ ಬರುತ್ತದೆ.

ಮೊದಲ ಮಾಲೀಕನೆಂಬ ನಿಯಮ ಎಷ್ಟು ಕಠಿಣವೆಂಬುದಕ್ಕೆ ಗಾಂಡೀವವೇ ದೃಷ್ಟಾಂತ. ಮಹಾಭಾರತದ ವಿರಾಟಪರ್ವದಲ್ಲಿ ಬೃಹನ್ನಳೆಯ ವೇಷದ ಅರ್ಜುನನು ಉತ್ತರಕುಮಾರನಿಗೆ ಒಪ್ಪಿಸುವ ಲೆಕ್ಕದ ಪ್ರಕಾರ ಆ ಬಿಲ್ಲು ಬ್ರಹ್ಮನಲ್ಲಿ 1000 ವರ್ಷ, ಪ್ರಜಾಪತಿಯಲ್ಲಿ 503, ಇಂದ್ರನಲ್ಲಿ 85, ಚಂದ್ರನಲ್ಲಿ 500, ವರುಣನಲ್ಲಿ 100 ವರ್ಷ ಇದ್ದು ಅನಂತರ ಅರ್ಜುನನ ಕೈಸೇರಿತು. ಅಂದರೆ ಅರ್ಜುನನು ಆರನೆಯ ಮಾಲೀಕ. ಅಗ್ನಿಯು ವರುಣನಿಂದ ಕೇಳಿ ತಂದುಕೊಟ್ಟದ್ದರಿಂದ ಖರೀದಿಯೂ ಇಲ್ಲ, ರಸೀದಿಯೂ ಇಲ್ಲ. ಮಹಾಪ್ರಸ್ಥಾನದ ಹೊತ್ತಿಗೆ ಅಗ್ನಿಯೇ ಎದುರು ನಿಂತು ಬಿಲ್ಲನ್ನು ವಾಪಸು ಕೇಳಿದಾಗ ಅರ್ಜುನನು ಅದನ್ನು ನೀರಿಗೆ ಹಾಕಿದನು. ಇದು ವಾಪಸಾತಿಯೇ ಹೊರತು ರಿಪೇರಿಯಲ್ಲ. ಸಾಗಾಟದ ಹೊಣೆ ಗ್ರಾಹಕನದೇ ಎಂಬ ಇಂದಿನ ನಿಯಮ ಅಲ್ಲಿಯೂ ಪಾಲನೆಯಾಗಿದೆ ಎಂಬುದಷ್ಟೇ ಗಮನಾರ್ಹ.

2. ಅಂಗವಿಭಾಗ

ಹಳೆಯ ಬಿಲ್ಲಿಗೆ ಒಂದು ಕೋಲು, ಒಂದು ಹೆದೆ. ಮುರಿದರೆ ಇನ್ನೊಂದು ಕೋಲು ಕಡಿಯುವುದೇ ರಿಪೇರಿ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬಾತ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಮೇಲೆ ಈ ಸರಳತೆ ತೀರಿತು. ಬಿಲ್ಲಿನ ಎರಡೂ ತುದಿಗೆ, ನಟ್ಟನಡುವೆ ಅಲ್ಲದೆ ಒಂದು ಬದಿಗೆ ಸರಿಸಿ ಅಚ್ಚು ತೂರಿಸಿದ ಗಾಲಿಗಳನ್ನು ಕೂಡಿಸಿ, ಹೆದೆಯ ಜೊತೆಗೆ ಕೇಬಲ್‌ಗಳನ್ನೂ ಹಾಯಿಸಿದ್ದು ಆಲೆನ್‌ನ ಉಪಾಯ. ಎಳೆತದ ನಡುವೆ ಭಾರ ಏರುತ್ತದೆ, ಪೂರ್ತಿ ಎಳೆದಾಗ ಗಾಲಿ ತಿರುಗಿ ಭಾರ ಇಳಿಯುತ್ತದೆ. ಶೇ. 80ರಷ್ಟು ಇಳಿತವಿರುವ 70 ಪೌಂಡ್ ಬಿಲ್ಲನ್ನು ಎಳೆದು ಹಿಡಿದು ನಿಂತವನ ಕೈಗೆ ತಗಲುವುದು 14 ಪೌಂಡ್ ಮಾತ್ರ. ಉಳಿದ 56 ಪೌಂಡಿನ ಚಿಂತೆಯನ್ನು ಬಿಲ್ಲಿನ ಅಂಗಾಂಗಗಳು ಹೊರುತ್ತವೆ; ಹೊರಲಾರದಾದಾಗ ಈ ಶಾಸ್ತ್ರ ಆರಂಭವಾಗುತ್ತದೆ.

ವಾರಂಟಿಯ ದೃಷ್ಟಿಯಿಂದ ಅಂಗಗಳು ಮೂರು ದರ್ಜೆಯವು. ಉತ್ತಮಾಂಗವೆಂದರೆ ರೈಸರ್, ಕೈ ಹಿಡಿಯುವ ನಡುಭಾಗ. ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಕೆಲವೊಮ್ಮೆ ಕಾರ್ಬನ್‌ನದು. ಮಧ್ಯಮಾಂಗಗಳು ಲಿಂಬ್‌ಗಳು, ಅಂದರೆ ಗ್ಲಾಸ್‌ಫೈಬರ್ ಅಥವಾ ಕಾರ್ಬನ್ ಎಳೆಗಳನ್ನು ರಾಳದಲ್ಲಿ ಬಿಗಿದು ಮಾಡಿದ, ಬಾಗುವ ತೋಳುಗಳು. ಅವುಗಳ ತುದಿಯ ಕ್ಯಾಮ್‌ಗಳೆಂಬ ಗಾಲಿಗಳೂ ಆಕ್ಸೆಲ್‌ಗಳೆಂಬ ಅಚ್ಚುಗಳೂ ಇದೇ ದರ್ಜೆಯವು. ಅಧಮಾಂಗಗಳು ಹೆದೆ ಮತ್ತು ಕೇಬಲ್. ಇವುಗಳ ನಡುವೆ ಒಂದು ವಿಲೋಮ ನಿಯಮ ಕೆಲಸ ಮಾಡುತ್ತದೆ: ಯಾವ ಅಂಗ ಕೆಡುವ ಸಂಭವ ಎಷ್ಟು ಕಡಿಮೆಯೋ ಅದರ ಖಾತ್ರಿ ಅಷ್ಟು ದೀರ್ಘ. ರೈಸರ್ ಮುರಿಯುವುದು ಅಪರೂಪ. ಅದಕ್ಕೆ ಹೆಚ್ಚಾಗಿ ಆಜೀವ ಖಾತ್ರಿ. ಹೆದೆ ಸವೆಯದೆ ಇರುವುದೇ ಇಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅದಕ್ಕೆ ಖಾತ್ರಿ ಅಲ್ಪಾವಧಿಯದು, ಇಲ್ಲವೇ ಶೂನ್ಯ. ಸವೆತವು ದೋಷವಲ್ಲ, ಸ್ವಭಾವ ಎಂಬುದು ತಯಾರಕರ ಸಿದ್ಧಾಂತ. ಇದನ್ನು ಖಂಡಿಸಿದವರು ಇದುವರೆಗೆ ಹೆದೆಯನ್ನು ಸ್ವಂತ ದುಡ್ಡಿನಿಂದಲೇ ಕೊಂಡಿದ್ದಾರೆ.

3. ಆಯುರ್ನಿರ್ಣಯ

ಖಾತ್ರಿ ಆಜೀವವೆಂದ ಮೇಲೆ, ಯಾರ ಜೀವ ಎಂಬ ಪ್ರಶ್ನೆ ಏಳುತ್ತದೆ. ಮಾಲೀಕನದು ಎಂದು ಒಂದು ಪಕ್ಷ. ಬಿಲ್ಲಿನದು ಎಂದು ಇನ್ನೊಂದು. ಎರಡನೆಯ ಪಕ್ಷದಲ್ಲಿ ಒಂದು ಸೂಕ್ಷ್ಮ ದೋಷವಿದೆ: ಬಿಲ್ಲು ಮುರಿದ ಕ್ಷಣಕ್ಕೆ ಅದರ ಜೀವ ಮುಗಿದು ಖಾತ್ರಿಯೂ ಮುಗಿಯುತ್ತದೆ, ಆಗ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಈ ಗೊಂದಲ ಕಾಲ್ಪನಿಕವೇನಲ್ಲ. ಆಜೀವ ಖಾತ್ರಿಯೆಂದು ಜಾಹೀರಾತು ಕೊಡುವವರು ಅದು ಯಾರ ಅಥವಾ ಯಾವುದರ ಜೀವಿತವೆಂದು ತಿಳಿಸಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಬಿಲ್ಲಿನ ಲೋಕದಲ್ಲಿ ಸಾಮಾನ್ಯವಾಗಿ ಗೆದ್ದಿರುವುದು ಮೊದಲ ಪಕ್ಷ, ಒಂದು ತಿದ್ದುಪಡಿಯೊಡನೆ: ಮೊದಲ ಮಾಲೀಕನು ಬದುಕಿರುವವರೆಗೆ, ಅಥವಾ ಬಿಲ್ಲನ್ನು ಮಾರುವವರೆಗೆ. ಬಿಲ್ಲನ್ನು ಮಗನಿಗೆ ಕೊಟ್ಟ ತಂದೆ ಬಿಲ್ಲನ್ನಷ್ಟೇ ಕೊಟ್ಟಿರುತ್ತಾನೆ.

ಅಮೆರಿಕದ ಮ್ಯಾಗ್ನುಸನ್–ಮಾಸ್ ಕಾಯಿದೆ 1975ರದು. ಯಾವ ತಯಾರಕನೂ ಖಾತ್ರಿ ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಲಿಖಿತವಾಗಿ ಕೊಟ್ಟರೆ, ಮತ್ತು ವಸ್ತುವಿನ ಬೆಲೆ 10 ಡಾಲರಿಗೆ ಮೀರಿದ್ದರೆ, ಅದು ಫುಲ್ ವಾರಂಟಿಯೋ ಲಿಮಿಟೆಡ್ ವಾರಂಟಿಯೋ ಎಂದು ಎದ್ದುಕಾಣುವಂತೆ ಹೆಸರಿಸಬೇಕು ಎನ್ನುತ್ತದೆ. ಫುಲ್ ಎಂದರೆ ತಕ್ಕ ಸಮಯದೊಳಗೆ, ಖರ್ಚಿಲ್ಲದೆ ಸರಿಪಡಿಸುವ ಹೊಣೆ. ಅವಧಿಯೊಳಗೆ ಬಿಲ್ಲು ಕೈಬದಲಾಯಿಸಿದರೂ ಅದು ಹಿಂಬಾಲಿಸುತ್ತದೆ. ಹೀಗಾಗಿ ಬಿಲ್ಲಿಗೆ ಸಾಮಾನ್ಯವಾಗಿ ದೊರೆಯುವುದು ‘ಲಿಮಿಟೆಡ್ ಲೈಫ್‌ಟೈಮ್’ ಖಾತ್ರಿ. ಜೀವಿತಕ್ಕೆ ಮಿತಿಯುಂಟೆಂಬ ಈ ಎಚ್ಚರಿಕೆಯನ್ನು ದಾರ್ಶನಿಕರು ಬೇರೆ ಕಾರಣಗಳಿಗಾಗಿ ಮೊದಲೇ ಕೊಟ್ಟಿದ್ದರು.

4. ರೋಗನಿದಾನ

ಬಿಲ್ಲಿಗೆ ಬರುವ ರೋಗಗಳಲ್ಲಿ ಮಹಾರೋಗ ಡ್ರೈ ಫೈರ್, ಅಂದರೆ ಬಾಣವಿಲ್ಲದೆ ಹೆದೆ ಬಿಡುವುದು. ಎಳೆದಾಗ ಲಿಂಬ್‌ಗಳಲ್ಲಿ ಕೂಡಿಟ್ಟ ಶಕ್ತಿಯ ಬಹುಭಾಗವನ್ನು ಬಾಣ ಹೊತ್ತು ಹೋಗಬೇಕು. ಬಾಣವೇ ಇಲ್ಲದಿದ್ದರೆ ಆ ಶಕ್ತಿ ಬಿಲ್ಲಿನೊಳಕ್ಕೇ ತಿರುಗುತ್ತದೆ: ಹೆದೆ ಗಾಲಿಯಿಂದ ಹಾರುತ್ತದೆ, ಆಕ್ಸೆಲ್ ಬಾಗುತ್ತದೆ, ಕ್ಯಾಮ್ ಸೊಟ್ಟಗಾಗುತ್ತದೆ, ಲಿಂಬ್ ಸೀಳುತ್ತದೆ. ತೀರ ಹಗುರವಾದ ಬಾಣವೂ ಅರ್ಧ ಡ್ರೈ ಫೈರೇ. ಆದ್ದರಿಂದ ಎಳೆತದ ಪ್ರತಿ ಪೌಂಡಿಗೆ 5 ಗ್ರೇನ್ ಎಂಬ ಕನಿಷ್ಠ ತೂಕವನ್ನು ವಾರಂಟಿಗಳಲ್ಲಿ ಹೇಳುವ ವಾಡಿಕೆಯಿದೆ. 70 ಪೌಂಡಿನ ಬಿಲ್ಲಿಗೆ ಇದು 350 ಗ್ರೇನ್, ಸುಮಾರು 22.7 ಗ್ರಾಂ.

ಕಾರಣಭೇದದಿಂದ ಡ್ರೈ ಫೈರ್ ನಾಲ್ಕು ಬಗೆ. ಸ್ವಕೃತ: ಬರಿದೇ ಎಳೆದು ನೋಡುವಾಗ ಮಾಲೀಕನ ಬೆರಳು, ಹೆದೆಯನ್ನು ಹಿಡಿದು ಬಿಡುವ ರಿಲೀಸಿನ ಟ್ರಿಗರಿಗೆ ತಾಗುವುದು. ಬಂಧುಕೃತ: ಬೇಟೆಯ ಕಥೆ ಕೇಳಲು ಬಂದ ಭಾವಮೈದುನ, ಬೇಡವೆನ್ನುವಷ್ಟರಲ್ಲಿ ಎಳೆದುಬಿಡುವುದು. ಸಾಧನಕೃತ: ಹೆದೆಗೆ ಕಟ್ಟಿದ ಡಿ-ಲೂಪ್ ನಡುವೆ ಹರಿಯುವುದು. ಬಾಣಕೃತ: ಬಾಣದ ಬುಡದ ನಾಕ್ ಸೀಳಿ, ಬಾಣ ಇದ್ದೂ ಇಲ್ಲದಂತಾಗುವುದು. ನಾಲ್ಕನೆಯದರಲ್ಲಿ ಮಾಲೀಕನ ತಪ್ಪಿಲ್ಲ, ಬಿಲ್ಲಿನ ತಪ್ಪೂ ಇಲ್ಲ. ಆದ್ದರಿಂದ ಬಿಲ್ಲಿನ ತಯಾರಕರು ನಾಕ್‌ನ ಕಡೆ ಬೆರಳು ತೋರುತ್ತಾರೆ. ಅಂಗೈಯಗಲವೂ ಇಲ್ಲದ ಆ ಪ್ಲಾಸ್ಟಿಕ್ ತುಣುಕಿನ ಖಾತ್ರಿ, ಇದ್ದರೆ, ತುಣುಕಿನ ಬೆಲೆಗೆ ಮೀರಿ ಹೋಗುವುದಿಲ್ಲ. ಏಕೆಂದರೆ ಒಂದು ವಸ್ತು ಕೆಟ್ಟು ಇನ್ನೊಂದಕ್ಕಾದ ನಷ್ಟವನ್ನು ಇರುವೆಯಕ್ಷರದ ಭಾಗ ಸಾಮಾನ್ಯವಾಗಿ ಹೊರಗಿಡುತ್ತದೆ.

ಹಳಗನ್ನಡ ಕಾವ್ಯಗಳ ವೀರರು ಯುದ್ಧಕ್ಕೆ ಮೊದಲು ಜೇವೊಡೆಯುತ್ತಾರೆ, ಅಂದರೆ ಹೆದೆ ಮಿಡಿದು ಸದ್ದು ಮಾಡುತ್ತಾರೆ. ಆ ದನಿಗೆ ದಿಗ್ಗಜಗಳು ಬೆದರುತ್ತವೆ, ಶತ್ರುಗಳ ಎದೆ ಒಡೆಯುತ್ತದೆ. ವಾರಂಟಿಯ ಪರಿಭಾಷೆಯಲ್ಲಿ ಜೇವೊಡೆಯುವುದು ಬಾಣರಹಿತ ಹೆದೆಬಿಡುಗಡೆಯೇ ಆದ್ದರಿಂದ, ಮೊದಲ ಆಶ್ವಾಸ ಮುಗಿಯುವುದರೊಳಗೆ ಎರಡೂ ಸೈನ್ಯದ ಬಿಲ್ಲುಗಳು ಖಾತ್ರಿ ಕಳೆದುಕೊಂಡಿರುತ್ತವೆ. ಎದೆಯೊಡೆದ ಶತ್ರುಗಳ ಬಾಬತ್ತು ಬೇರೆ.

ಉಪರೋಗಗಳೂ ಕೆಲವಿವೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಬಿಲ್ಲಿನ ಲಿಂಬ್ ಪದರಗಳು ಬಿಡಬಹುದು, ಹೆದೆ ಜಗ್ಗಬಹುದು. ಲಿಂಬ್ ಬೋಲ್ಟನ್ನು ಹೇಳಿದ ಸುತ್ತುಗಳಿಗಿಂತ ಹೆಚ್ಚು ಸಡಿಲಿಸಿದರೆ ಬಿಲ್ಲು ಕೈಯಲ್ಲೇ ಕಳಚಬಹುದು. ಲಿಂಬ್‌ಗಳನ್ನು ಅದುಮಿ ಹಿಡಿಯುವ, ಆದರೆ ಆ ಬಿಲ್ಲಿಗೆ ಒಗ್ಗದ ಬೋ ಪ್ರೆಸ್‌ಗೆ ಹಾಕಿ ಒತ್ತಿದರೆ ಲಿಂಬ್ ತಿರುಚಬಹುದು. ಇವೆಲ್ಲ ಮಾಲೀಕನ ಪಾಪಗಳೆಂದೇ ಗಣನೆ.

5. ಪ್ರಮಾಣವಿಚಾರ

ಸೀಳಿದ ಲಿಂಬ್ ಒಂದೇ. ಅದು ಸೀಳಿದ್ದು ತಯಾರಿಕೆಯ ದೋಷದಿಂದಲೋ ಬಳಕೆಯ ದೋಷದಿಂದಲೋ ಎಂಬುದು ವಿವಾದ. ಪ್ರತ್ಯಕ್ಷ ಪ್ರಮಾಣಕ್ಕೆ ಹತ್ತಿಯ ಉಂಡೆ ಬೇಕು. ಅದನ್ನು ಲಿಂಬಿನ ಅಂಚಿನುದ್ದಕ್ಕೂ ಸವರಿದರೆ, ಕಣ್ಣಿಗೆ ಕಾಣದ ಸೀಳೂ ಎಳೆಯೊಂದನ್ನು ಹಿಡಿದುಕೊಳ್ಳುತ್ತದೆ. ಬರಿಬೆರಳಿನಿಂದ ಸವರಿದರೆ ಸೀಳು ಬೆರಳಿನೊಳಗೇ ಸಿಗುತ್ತದೆ. ಪ್ರತ್ಯಕ್ಷಕ್ಕೆ ಇಷ್ಟು ಹತ್ತಿರ ಹೋಗುವುದು ಶಾಸ್ತ್ರಸಮ್ಮತವಲ್ಲ.

ಅನುಮಾನ ಪ್ರಮಾಣವನ್ನು ತಯಾರಕರು ನ್ಯಾಯಶಾಸ್ತ್ರದ ಐದು ಅವಯವಗಳಲ್ಲಿ ಹೀಗೆ ಮಂಡಿಸುತ್ತಾರೆ. ಪ್ರತಿಜ್ಞೆ: ಈ ಬಿಲ್ಲು ಡ್ರೈ ಫೈರ್ ಆಗಿದೆ. ಹೇತು: ಲಿಂಬ್ ಸೀಳಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಸೀಳೋ ಅಲ್ಲಲ್ಲಿ ಡ್ರೈ ಫೈರ್, ಹೋದ ವಾರ ಬಂದ ಬಿಲ್ಲಿನಂತೆ. ಉಪನಯ: ಇದೂ ಹಾಗೆಯೇ ಸೀಳಿದೆ. ನಿಗಮನ: ಆದ್ದರಿಂದ ಇದೂ ಡ್ರೈ ಫೈರ್ ಆಗಿದೆ. ಹೋದ ವಾರದ ಬಿಲ್ಲಿಗೆ ಉದಾಹರಣೆ ಅದರ ಹಿಂದಿನ ವಾರದ ಬಿಲ್ಲು. ಇಲ್ಲಿನ ಹೇತು ಸವ್ಯಭಿಚಾರ: ಅಂಟಿನ ದೋಷದಿಂದ, ಒಳಗೆ ಸಿಕ್ಕ ಗಾಳಿಯಿಂದ, ಲಿಂಬ್ ಕೂರುವ ಪಾಕೆಟ್ ಸರಿಹೊಂದದ್ದರಿಂದಲೂ ಸೀಳು ಬರುತ್ತದೆ. ಸರಿಯಾದ ಪರೀಕ್ಷಕ ಬೇರೆ ಗುರುತುಗಳನ್ನೂ ಹುಡುಕುತ್ತಾನೆ. ಆಕ್ಸೆಲ್ ಬಾಗಿದೆಯೇ, ಕ್ಯಾಮಿನಲ್ಲಿ ಹೆದೆ ಕೂರುವ ತೋಡಿನ ಅಂಚು ನಗ್ಗಿದೆಯೇ, ಹೆದೆಯ ಮೇಲಿನ ದಾರದ ಸುತ್ತು ಕತ್ತರಿಸಿದೆಯೇ? ಇವು ಯಾವುವೂ ಇಲ್ಲದೆ ಲಿಂಬಿನ ಪದರ ಮಾತ್ರ ಬಿಟ್ಟಿದ್ದರೆ ದೋಷ ತಯಾರಿಕೆಯದಿರುವ ಸಂಭವವೇ ಹೆಚ್ಚು.

ಶಬ್ದಪ್ರಮಾಣದಲ್ಲಿ ರಸೀದಿಯದು ಶ್ರುತಿಯ ಸ್ಥಾನ, ನೋಂದಣಿಯದು ಸ್ಮೃತಿಯ ಸ್ಥಾನ. ‘ನಾನು ಯಾವತ್ತೂ ಹಾಗೆ ಬಿಟ್ಟಿಲ್ಲ’ ಎಂಬ ಮಾಲೀಕನ ಮಾತು ಆಪ್ತವಾಕ್ಯವಲ್ಲ, ಆತನಿಗೆ ಲಾಭವಿರುವುದರಿಂದ. ‘ಹಾಗೆಯೇ ಬಿಟ್ಟಿದ್ದೀರಿ’ ಎಂಬ ತಯಾರಕರ ಮಾತು ಆಪ್ತವಾಕ್ಯ, ಲೆಟರ್‌ಹೆಡ್ಡಿನ ಮೇಲೆ ಇರುವುದರಿಂದ. ಇನ್ನು ಅನುಪಲಬ್ಧಿ, ಅಂದರೆ ಕಾಣದಿರುವುದೇ ಪ್ರಮಾಣವಾಗುವುದು. ಬಿಟ್ಟಾಗ ಬಾಣವಿತ್ತೆಂದು ಸಾಧಿಸುವ ಹೊರೆ ಮಾಲೀಕನ ಮೇಲೆ ಬೀಳುತ್ತದೆ. ಆದರೆ ಬಿಲ್ಲು ಸರಿಯಾಗಿ ಕೆಲಸ ಮಾಡಿದ್ದರೆ ಬಾಣವೆಂಬ ಸಾಕ್ಷಿ ಅಲ್ಲಿಂದ ಹೋಗಿಬಿಟ್ಟಿರುತ್ತದೆ.

6. ಪ್ರಕ್ರಿಯೆ

ಸೀಳು ಕಂಡ ಕೂಡಲೇ ಬಿಲ್ಲನ್ನು ಎಳೆಯುವುದು ನಿಲ್ಲಿಸಬೇಕು. ಇನ್ನೊಮ್ಮೆ ಎಳೆದು ಖಚಿತಪಡಿಸಿಕೊಳ್ಳುವ ಜಿಜ್ಞಾಸುವಿನ ಮುಖದ ಪಕ್ಕದಲ್ಲೇ ಲಿಂಬ್ ಒಡೆಯಬಹುದು. ಮನೆಯಲ್ಲಿ ಬಿಚ್ಚುವುದೂ ನಿಷಿದ್ಧ: ಲಿಂಬ್‌ಗಳು ಸದಾ ಬಿಗಿತದಲ್ಲಿರುವುದರಿಂದ ಬೋ ಪ್ರೆಸ್ ಇಲ್ಲದೆ ಅವುಗಳನ್ನು ಕಳಚಬಾರದು. ಪ್ರೆಸ್ ಇರುವುದು ಡೀಲರನಲ್ಲಿ. ಸೀರಿಯಲ್ ಸಂಖ್ಯೆ ಓದಿ, ಫೋಟೊ ತೆಗೆದು, ಅರ್ಜಿ ಕಳಿಸುವವನೂ ಸಾಮಾನ್ಯವಾಗಿ ಆತನೇ. ಮಾಲೀಕ ನೇರವಾಗಿ ತಯಾರಕರಿಗೆ ಫೋನ್ ಮಾಡಿದರೆ ಡೀಲರನನ್ನು ಕಾಣಲು ಹೇಳುತ್ತಾರೆ. ಡೀಲರನನ್ನು ಕಂಡರೆ ಆತ ತಯಾರಕರಿಗೆ ಫೋನ್ ಮಾಡುತ್ತಾನೆ. ಹೀಗೆ ಮೂವರೂ ಪರಸ್ಪರ ಪರಿಚಿತರಾಗುತ್ತಾರೆ.

ಅರ್ಜಿ ಒಪ್ಪಿಗೆಯಾದರೆ ಬರುವುದು ಒಂದು ಲಿಂಬ್ ಅಲ್ಲ, ಜೊತೆ. ಎರಡೂ ಬದಿ ಒಂದೇ ಸಮನಾಗಿ ಬಾಗಬೇಕಾದ್ದರಿಂದ ಹೊಂದಿಸಿದ ಲಿಂಬ್‌ಗಳನ್ನೇ ಹಾಕಬೇಕು. ಹಳೆಯ ಮಾದರಿಯ ಬಣ್ಣ ನಿಂತುಹೋಗಿದ್ದರೆ ಹಸಿರು ಎಲೆಯ ವೇಷದ ರೈಸರಿಗೆ ಕಪ್ಪು ಲಿಂಬ್ ಬರಬಹುದು. ಜಿಂಕೆ ಇದನ್ನು ಆಕ್ಷೇಪಿಸುವುದಿಲ್ಲ. ಲಿಂಬ್ ಬಿಟ್ಟಿ; ಸಾಗಾಟ ಮತ್ತು ಜೋಡಣೆಯ ಕೂಲಿ ಹಲವು ಖಾತ್ರಿಗಳಲ್ಲಿ ಬಿಟ್ಟಿಯಲ್ಲ.

ಕಾಲವೂ ಇಲ್ಲಿ ಒಂದು ಕಾರಕ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಬಿಲ್ಲಿನ ಜಿಂಕೆಬೇಟೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶುರು. ವರ್ಷವೆಲ್ಲ ಗೋಡೆಗೆ ತೂಗಿದ್ದ ಬಿಲ್ಲನ್ನು ಬೇಟೆಗಾರರೆಲ್ಲ ಆಗಸ್ಟಿನಲ್ಲಿ ಕೆಳಗಿಳಿಸುತ್ತಾರೆ, ಸೀಳುಗಳೆಲ್ಲ ಆಗಸ್ಟಿನಲ್ಲಿ ಕಾಣುತ್ತವೆ, ಅರ್ಜಿಗಳೆಲ್ಲ ಆಗಸ್ಟಿನಲ್ಲಿ ಸೇರುತ್ತವೆ. ಫೆಬ್ರುವರಿಯಲ್ಲಿ ಬಿಲ್ಲನ್ನು ಪರೀಕ್ಷಿಸಬೇಕೆಂದು ಎಲ್ಲ ಡೀಲರರೂ ಹೇಳುತ್ತಾರೆ, ಆಗಸ್ಟಿನಲ್ಲಿ. ದೇಶವೂ ಒಂದು ಕಾರಕ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಾಂಪೌಂಡ್ ವಿಭಾಗದ ಐದೂ ಚಿನ್ನಗಳನ್ನು 2023ರಲ್ಲಿ ಗೆದ್ದ ಭಾರತದಲ್ಲಿ ಈ ಬಿಲ್ಲುಗಳು ಬಹುತೇಕ ಆಮದು ಮಾಲು. ಅಲ್ಲಿ ಲಿಂಬಿನ ದಾರಿಗೆ ಸಮುದ್ರವೂ ಕಸ್ಟಮ್ಸ್ ಕಟ್ಟೆಯೂ ಸೇರುತ್ತವೆ.

7. ಫಲ

ಫಲ ಮೂರು ವಿಧ: ಸ್ವೀಕಾರ, ತಿರಸ್ಕಾರ, ಅನುಗ್ರಹ. ಸ್ವೀಕಾರವಾದರೆ ಭಾಗ ಬರುತ್ತದೆ. ತಿರಸ್ಕಾರವಾದರೆ ಅದೇ ಭಾಗ ಬಿಲ್ಲಿನೊಡನೆ ಬರುತ್ತದೆ. ಖಾತ್ರಿಗೆ ಸೇರದಿದ್ದರೂ ರಿಯಾಯಿತಿ ದರಕ್ಕೆ ಲಿಂಬ್ ಕೊಡುವುದು, ಅಥವಾ ಹಳೆಯ ಮಾದರಿಯ ಭಾಗ ಮುಗಿದಿದ್ದರೆ ಹೊಸ ಬಿಲ್ಲಿನ ಬೆಲೆಯಲ್ಲಿ ಸೋಡಿ ಬಿಡುವುದು ಅನುಗ್ರಹ. ಇದು ಹಕ್ಕಲ್ಲವಾದ್ದರಿಂದ ವಾದದಿಂದ ದೊರೆಯುವುದಿಲ್ಲ. ಡೀಲರನ ಒಳ್ಳೆಯ ಮಾತಿನಿಂದ ದೊರೆಯುತ್ತದೆ, ಆ ಒಳ್ಳೆಯ ಮಾತು ಅವನಲ್ಲೇ ಹೆದೆ, ಬಾಣ ಕೊಳ್ಳುವುದರಿಂದ ಹುಟ್ಟುತ್ತದೆ.

ಹೊಸ ಲಿಂಬ್ ಹಾಕಿದ ಬಿಲ್ಲು ಹಳೆಯ ಬಿಲ್ಲಲ್ಲ. ಎಳೆತದ ತೂಕ, ಆಕ್ಸೆಲ್‌ನಿಂದ ಆಕ್ಸೆಲ್‌ಗೆ ಇರುವ ಅಂತರ, ಎರಡು ಕ್ಯಾಮ್‌ಗಳು ಒಟ್ಟಿಗೆ ತಿರುಗುವ ಹೊಂದಿಕೆ, ಹೆದೆಯ ನಡುವೆ ಕೂಡಿಸಿದ, ಕಣ್ಣಿಟ್ಟು ನೋಡುವ ಪೀಪ್‌ನ ಎತ್ತರ ಎಲ್ಲವನ್ನೂ ಮತ್ತೆ ಅಳೆಯಬೇಕು. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಬಾಣ ಬಿಟ್ಟು, ಕಾಗದ ಯಾವ ದಿಕ್ಕಿಗೆ ಹರಿದಿದೆಯೆಂದು ನೋಡಿ, ತೂತು ದುಂಡಗಾಗುವವರೆಗೆ ತಿದ್ದಬೇಕು. ಆಮೇಲೆ ಗುರಿ ಹಿಡಿಯುವ ಸೈಟ್‌ನ ಪಿನ್ನುಗಳನ್ನು ಒಂದೊಂದು ದೂರಕ್ಕೂ ಹೊಸದಾಗಿ ಕೂಡಿಸಬೇಕು. ಈ ಕೆಲಸಕ್ಕೆ ಖಾತ್ರಿಯಿಲ್ಲ. ಬದಲಿ ಭಾಗಕ್ಕೆ ಸಾಮಾನ್ಯವಾಗಿ ಹೊಸ ಅವಧಿಯೂ ಇಲ್ಲ, ಮೂಲ ಖಾತ್ರಿಯಲ್ಲಿ ಉಳಿದದ್ದಷ್ಟೇ. ಇಡೀ ಬಿಲ್ಲೇ ಬದಲಾಗಿ ಬಂದಿದ್ದರೆ ಅದರ ಸೀರಿಯಲ್ ಸಂಖ್ಯೆಯನ್ನು ಅವಧಿಯೊಳಗೆ ನೋಂದಾಯಿಸಿ, ತಯಾರಕರ ಪತ್ರವನ್ನು ಹಳೆಯ ರಸೀದಿಯ ಜೊತೆಗೇ ಲಗತ್ತಿಸಿ ಇಡತಕ್ಕದ್ದು.