ಮಾಗಿ ಚಳಿಯಲ್ಲಿ ಗೆಂಡೆಮೀನು

ಮಾಗಿ ಚಳಿಯಲ್ಲಿ ಗಾಳ ಹಿಡಿದು ಕಾವೇರಿ ದಂಡೆಗೆ ಹೊರಡುವ ಯಾವ ಗೆಳೆಯರ ಗುಂಪಿನಲ್ಲೂ ಮೀನು ಹಿಡಿಯುವವನು ಒಬ್ಬ, ಸಲಹೆ ಕೊಡುವವರು ಉಳಿದವರೆಲ್ಲ. "ರಾಗಿಮುದ್ದೆ ಸಿಕ್ಕಿಸೋ" ಅಂತ ಒಬ್ಬ. "ಹಿಂಡಿ ಕಲಸದಿದ್ರೆ ಗೆಂಡೆ ಮೂಸಿಯೂ ನೋಡಲ್ಲ ಕಣೋ" ಅಂತ ಇನ್ನೊಬ್ಬ. ಮೂರನೆಯವನದು ಮಾತಿಲ್ಲ; ಎರೆಗೆಂದು ತಂದ ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿರುತ್ತಾನೆ.

ಮೀನನ್ನು ಬೈದು ಫಲವಿಲ್ಲ. ಅದು ಶೀತರಕ್ತದ ಜೀವಿ. ನೀರು ತಣ್ಣಗಾದಷ್ಟೂ ಅದರ ಹಸಿವು ಇಳಿಯುತ್ತದೆ. ಅದೂ ಅಲ್ಲದೆ ಗೆಂಡೆಗೆ ಹಲ್ಲಿರುವುದು ಬಾಯಲ್ಲಲ್ಲ, ಗಂಟಲಲ್ಲಿ. ಜಠರವಂತೂ ಇಲ್ಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ನಮ್ಮ ಮುದ್ದೆ ವೀರನಿಗೆ ಜಠರ ಬಿಟ್ಟು ಬೇರೇನಾದರೂ ಇದೆಯೋ ಎಂಬುದೇ ನನ್ನ ಅನುಮಾನ.

ಮಂಜು ಹರಿಯುವ ಹೊತ್ತಿಗೆ ಬೆಂಡು ಒಮ್ಮೆ ಅಲುಗಿತು. ಮಂಗನಟೋಪಿ, ಮಫ್ಲರುಗಳೆಲ್ಲ ಒಟ್ಟಿಗೆ ನೀರಿನತ್ತ ಬಾಗಿದವು. "ಐದು ಕೆಜಿಗೆ ಕಮ್ಮಿ ಇಲ್ಲ" ಎಂದು ಒಬ್ಬ ತೂಕವನ್ನೂ ಹಾಕಿಬಿಟ್ಟ, ಇನ್ನೊಬ್ಬ ಹುಳಿಸಾರೋ ಫ್ರೈಯೋ ಎಂದು ಚರ್ಚೆಗಿಳಿದ. ಎಳೆದರೆ ಒಂದು ಏಡಿ! ಎರೆಯನ್ನು ಎರಡೂ ಕೊಂಡಿಯಲ್ಲಿ ಅವುಚಿಕೊಂಡು ದಡದವರೆಗೂ ಬಂದು, ನಮ್ಮ ಮುಖ ನೋಡಿದ್ದೇ ತಡ, ಮುದ್ದೆ ಸಮೇತ ನೀರಿಗೆ ಬಿತ್ತು.

ನೀವು ಹೋಗುವುದಾದರೆ ಬಿಸಿಲೇರಿದ ಮೇಲೆ ಹೋಗಿ; ದಡದ ತೆಳುನೀರು ಬೇಗ ಬೆಚ್ಚಗಾಗುತ್ತದೆ. ಶೃಂಗೇರಿಯ ತುಂಗೆಗೆ ಮಾತ್ರ ಗಾಳ ಒಯ್ಯಬೇಡಿ. ಅಲ್ಲಿ ಮೀನು ಹಿಡಿಯುವಂತಿಲ್ಲ, ಪುರಿ ಹಾಕಿ ಕೈಮುಗಿದು ಬರಬೇಕು.