ಹತ್ತು ಹಪ್ಪಳದ ಡ್ರೈವರ್

ಐದು ಲಕ್ಷ ಸಾಲಿನ ತಿಂಗಳ ವರದಿ. ಗುಂಡಿ ಒತ್ತಿ, ಕೆಳಗಿಳಿದು, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ನಾನು ನೆಟ್‌ವರ್ಕ್‌ನವರನ್ನು ಬೈದೆ, ಅವರು ಡೇಟಾಬೇಸಿನವರನ್ನು ಬೈದರು, ಡೇಟಾಬೇಸಿನವರು ತಿರುಗಿ ನನ್ನನ್ನೇ ನೋಡಿದರು. ಹದಿನಾಲ್ಕು ವರ್ಷದ ಅನುಭವ ಎಂದು ಕಂಡಕಂಡವರಿಗೆಲ್ಲ ಹೇಳಿಕೊಳ್ಳುವ ನಾನು ಅವತ್ತು ಮೊದಲ ಸಲ, ಡೇಟಾಬೇಸಿನಿಂದ ಸಾಲುಗಳನ್ನು ಪ್ರೋಗ್ರಾಮಿಗೆ ತಂದುಕೊಡುವ ಡ್ರೈವರ್‌ನ ಕೈಪಿಡಿ ತೆರೆದೆ.

ಒರಾಕಲ್‌ನ ಜಾವಾ ಡ್ರೈವರ್, ನಾವು ಬಾಯಿಬಿಟ್ಟು ಹೇಳದಿದ್ದರೆ, ಒಂದು ಸಲಕ್ಕೆ ತರುವುದು ಹತ್ತೇ ಸಾಲು. ಮದುವೆಮನೆಯಲ್ಲಿ ಹತ್ತೇ ಹಪ್ಪಳ ಹಿಡಿದು ಅಡುಗೆಮನೆಗೂ ಪಂಕ್ತಿಗೂ ಓಡಾಡುವ ಹುಡುಗನಿರುತ್ತಾನಲ್ಲ, ಹಾಗೆ. ಐದು ಲಕ್ಷಕ್ಕೆ 50,000 ಓಡಾಟ. ಸರ್ವರ್ ಬೇರೆ ಊರಲ್ಲಿ, ಹೋಗಿಬರಲು 10 ಮಿಲಿಸೆಕೆಂಡ್. ಎಂಟು ನಿಮಿಷ ಬರೀ ದಾರಿಯಲ್ಲೇ.

ಯಾರನ್ನೂ ಕೇಳದೆ ಫೆಚ್ ಸೈಜ್, ಅಂದರೆ ಒಂದು ಸಲಕ್ಕೆ ತರುವ ಸಾಲಿನ ಸಂಖ್ಯೆ, ಒಂದು ಲಕ್ಷ ಮಾಡಿದೆ. ಬಡಿಸುವುದಾದರೆ ಹಂಡೆಯಲ್ಲೇ ಬಡಿಸೋಣ!

ನಮ್ಮಲ್ಲಿದ್ದ ಹಳೆಯ ಡ್ರೈವರ್ ಮಹಾ ಮುಂಜಾಗ್ರತೆಯದು. ಅತಿಥಿ ಎಷ್ಟು ಉಣ್ಣುತ್ತಾನೆ ಎಂದು ನೋಡುವುದಿಲ್ಲ, ಎಷ್ಟು ಉಣ್ಣಬಹುದು ಎಂದು ಲೆಕ್ಕ ಹಾಕಿ ಮೊದಲೇ ಪಾತ್ರೆ ಜೋಡಿಸುತ್ತದೆ. ಟೇಬಲ್ಲಿನಲ್ಲಿ 4000 ಅಕ್ಷರ ಹಿಡಿಯುವ ಮೂರು ಷರಾ ಕಾಲಂಗಳಿದ್ದವು. ಬಹುಪಾಲು ಸಾಲುಗಳಲ್ಲಿ ಬರೆದಿದ್ದುದು ‘ಸರಿ’ ಎಂದಷ್ಟೆ. ಅಕ್ಷರಕ್ಕೆ ಎರಡು ಬೈಟ್, ಕಾಲಂಗೆ 8000, ಲಕ್ಷ ಸಾಲಿಗೆ 80 ಕೋಟಿ, ಮೂರಕ್ಕೆ 240 ಕೋಟಿ ಬೈಟ್. ಪ್ರೋಗ್ರಾಮಿಗೆ ನಾವು ಕೊಟ್ಟಿದ್ದ ಮೆಮೊರಿ 2 ಜಿಬಿ. ಪಾತ್ರೆ ಹಿಡಿಸದೆ ಇಡೀ ಆ್ಯಪ್ ಮಲಗಿತು. ಆ ಆ್ಯಪ್‌ನಲ್ಲೇ ಹಾಜರಿ ಪುಸ್ತಕವೂ ಇತ್ತು. ಅವತ್ತು ಇಡೀ ಆಫೀಸು ಗೈರುಹಾಜರಿ. ಈ ಲೆಕ್ಕವನ್ನು ಮೊದಲೇ ಹಾಕಬಹುದಿತ್ತಲ್ಲ ಎಂದು ಕೇಳಬೇಡಿ, ಮ್ಯಾನೇಜರ್ ಕೇಳಿಯಾಗಿದೆ.

ಕೊನೆಗೆ ಆರು ತಿಂಗಳ ಹಿಂದೆ ಸೇರಿದ ಹುಡುಗಿ ಬಂದು ಫೆಚ್ ಸೈಜನ್ನು 500 ಮಾಡಿ ಹೋದಳು. ಸಾವಿರ ಓಡಾಟ, ದಾರಿಗೆ ಹತ್ತು ಸೆಕೆಂಡ್. ಅಲ್ಲಿಗೆ ನಿಲ್ಲಬೇಕಿತ್ತು. ನನ್ನದೂ ಒಂದು ಕೊಡುಗೆ ಇರಲಿ ಎಂದು ಒಮ್ಮೆ ತಯಾರಾದ ವರದಿಯನ್ನೇ 24 ಗಂಟೆ ಮತ್ತೆ ಮತ್ತೆ ಕೊಡುವಂತೆ ಕ್ಯಾಶ್‌ನಲ್ಲಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ವರದಿ! ಅಕೌಂಟ್ಸ್ ಮೇಡಂ ಒಂದೇ ಬಿಲ್ಲನ್ನು ನಾಲ್ಕು ಸಲ ತಿದ್ದಿದರು, ವರದಿಯಲ್ಲಿ ಮಾತ್ರ ನಿನ್ನೆಯ ಅಂಕಿಯೇ ಕೂತಿತ್ತು. ಅವರ ಕಂಪ್ಯೂಟರನ್ನು ನಾನು ಮೂರು ಸಲ ಆಫ್ ಮಾಡಿಸಿ ಆನ್ ಮಾಡಿಸಿದೆ.

ಕ್ಯಾಶ್ ಕಿತ್ತು ಮೂರು ತಿಂಗಳಾಯಿತು. ವರದಿ ಕಳಿಸಿದಾಗಲೆಲ್ಲ ಮೇಡಂ ಈಗಲೂ ಫೋನ್ ಮಾಡುತ್ತಾರೆ: “ಇದು ಇವತ್ತಿನದಾ, ತಂಗಳಾ?”